ಕರೆಂಟ್ ಇದೆ ಅಂತ ಇಟ್ಟುಕೊಂಡವರು

ನಮ್ಮ ಎದುರುಮನೆಯ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಸರ್ಕಾರಕ್ಕೆ ವರದಿ ಬರೆದುಕೊಡುವ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದರು. ಆದರೆ ವಿಜಯನಗರದ ನಮ್ಮ ಕ್ರಾಸಿನಲ್ಲಿ, ದಪ್ಪ ಕನ್ನಡಕ ಹಾಕಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹಾಲಿನ ಕ್ಯೂನಲ್ಲಿ ನಿಲ್ಲುವವರನ್ನು ಬೇರೆ ಏನೆಂದು ಕರೆಯುವುದು?

ಬಡಾವಣೆಯ ಸಂಘದವರು ಪಾರ್ಕಿನ ಪಕ್ಕದ ಸಭಾಂಗಣದಲ್ಲಿ ಸಂತಾಪ ಸಭೆ ಇಟ್ಟಿದ್ದರು. ಸಂಸ್ಥೆಯಲ್ಲಿ ಮೇಷ್ಟ್ರ ಕೈಕೆಳಗೆ ಕೆಲಸ ಕಲಿತ ಹಳೆಯ ಶಿಷ್ಯರೊಬ್ಬರು, ಈಗ ದೊಡ್ಡ ಆಫೀಸರು, ಕಾರಿನಲ್ಲಿ ಬಂದಿದ್ದರು. ಈ ಭಾಗದಲ್ಲಿ ಇವತ್ತು ಎಷ್ಟೋ ಮನೆಯ ಒಲೆ ಉರಿಯುತ್ತಿದ್ದರೆ ಅದಕ್ಕೆ ಗುರುಗಳು ಹಾಕಿಕೊಟ್ಟ ಲೆಕ್ಕವೇ ಕಾರಣ ಎಂದರು. ನಾನು ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದವರು ನಾನು ಅಳುತ್ತಿದ್ದೇನೆಂದು ತಿಳಿದು ಕರ್ಚೀಫು ಕೊಟ್ಟರು. ಬೇಡ ಎನ್ನುವುದು ಚೆನ್ನಾಗಿರುವುದಿಲ್ಲ ಎಂದು ಇಸಿದುಕೊಂಡು, ಒಣಗಿದ ಕಣ್ಣನ್ನೇ ಒರೆಸಿಕೊಂಡೆ.

ಸಂಘದ ಸ್ಮರಣ ಸಂಚಿಕೆಗೆ ಎರಡು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ, ಮೇಷ್ಟ್ರ ವರದಿಗಳನ್ನೆಲ್ಲ ಟೈಪ್ ಮಾಡಿದವಳು ನಾನಾದ್ದರಿಂದ. ಎರಡು ಮಾತಿಗೆ ನಿಲ್ಲುವ ಹಾಗೆ ಕಾಣುವುದಿಲ್ಲ. ಸಂಘದವರು ಅಚ್ಚು ಹಾಕಿಸುವುದೂ ಅನುಮಾನವೇ.

ಮೊದಲು ಮೇಷ್ಟ್ರ ಮನೆಯ ಬಗ್ಗೆ ಹೇಳಬೇಕು. ಅವರ ಅಡಿಗೆಮನೆಯಲ್ಲಿ ಒಂದು ನೀರಿನ ಡ್ರಮ್ಮಿತ್ತು. ಅದರ ಪಕ್ಕದಲ್ಲಿ ಗೋಡೆಗೆ ಒರಗಿಸಿದ ಒಂದು ಬಿದಿರು ಕಡ್ಡಿ. ಕಡ್ಡಿಯ ಮೇಲೆ ಪೆನ್ಸಿಲ್ಲಿನ ಗೆರೆಗಳು. ನಮ್ಮ ಕಡೆ ಆಗ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಮೇಷ್ಟ್ರು ಬೆಳಿಗ್ಗೆ ಸ್ನಾನ ಮುಗಿಸಿ, ಕಡ್ಡಿಯನ್ನು ಡ್ರಮ್ಮಿಗೆ ಇಳಿಸಿ, ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿ, "ಇವತ್ತಿಗೆ ಎರಡು ಗೆರೆ" ಎನ್ನುತ್ತಿದ್ದರು. ಅವರ ಹೆಂಡತಿ ಸರೋಜಮ್ಮನವರು ಆ ಎರಡು ಗೆರೆಯಲ್ಲಿ ಅಡಿಗೆ, ಪಾತ್ರೆ, ದೇವರ ಪೂಜೆ ಎಲ್ಲ ಮುಗಿಸಬೇಕು. ಸೀಮೆಎಣ್ಣೆಯ ಡಬ್ಬಕ್ಕೂ ಗೆರೆ ಇತ್ತು. ಸಕ್ಕರೆ ಡಬ್ಬಕ್ಕೆ ಗೆರೆ ಹಾಕಿರಲಿಲ್ಲ. ಅದನ್ನು ಅವರು ಕಣ್ಣಿನಲ್ಲೇ ಅಳೆಯುತ್ತಿದ್ದರು.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಲೈಟು. ನೀವು ನಡುಮನೆಯಿಂದ ಅಡಿಗೆಮನೆಗೆ ಹೋದರೆ ನಿಮ್ಮ ಬೆನ್ನ ಹಿಂದೆ ಟಪ್ ಎಂದು ಸದ್ದಾಗುತ್ತಿತ್ತು. ಹೊರಡುತ್ತೇನೆಂದು ಕುರ್ಚಿಯಿಂದ ಎದ್ದು ನಿಂತವರು ಎಷ್ಟೋ ಸಲ ಕತ್ತಲಲ್ಲಿ ಚಪ್ಪಲಿಯನ್ನು ಕಾಲಿನಲ್ಲಿ ತಡಕಿಕೊಂಡಿದ್ದಾರೆ. ಹಳೆಯ ಕವರುಗಳನ್ನು ಬಿಡಿಸಿ, ಒಳಮೈಯನ್ನು ಹೊರಗೆ ಮಾಡಿ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಪೆನ್ಸಿಲ್ಲು ಬೆರಳಿಗೆ ಸಿಗದಷ್ಟು ಸಣ್ಣದಾದರೆ ಹಳೆಯ ಪೆನ್ನಿನ ಕ್ಯಾಪಿಗೆ ಸಿಕ್ಕಿಸಿ ಉದ್ದ ಮಾಡಿಕೊಳ್ಳುತ್ತಿದ್ದರು. ಜಿಪುಣರು ಎಂದು ಕ್ರಾಸಿನವರೆಲ್ಲ ಆಡಿಕೊಳ್ಳುತ್ತಿದ್ದರು. ನಾನು ಹಾಗೆ ಅನ್ನುವುದಿಲ್ಲ. ಇರುವುದು ಎಷ್ಟು, ಯಾರಿಗೆ ಎಷ್ಟು ಎಂದು ಅಷ್ಟು ಕರಾರುವಾಕ್ಕಾಗಿ ತಿಳಿದಿದ್ದವರನ್ನು ನಾನು ಬೇರೆ ನೋಡಿಲ್ಲ. ಮನೆಯಲ್ಲಿ ಮಾತ್ರ. ಗೇಟು ದಾಟಿದರೆ ಎಲ್ಲ ಮರೆತುಹೋಗುತ್ತಿತ್ತು.

ನನಗೆ ಅವರ ಪರಿಚಯವಾದದ್ದು ಟೈಪ್‌ರೈಟರಿನಿಂದ. ಮದುವೆಗೆ ಮುಂಚೆ ಕಲಿತಿದ್ದೆ. ನಮ್ಮಪ್ಪ ಒಂದು ಹಳೆಯ ಮೆಷೀನನ್ನೂ ಜೊತೆಗೆ ಕಳಿಸಿದ್ದರು. ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿರುವಾಗ ಕೈಗೆ ಅಭ್ಯಾಸ ತಪ್ಪಬಾರದೆಂದು ಸುಮ್ಮನೆ ಬಡಿಯುತ್ತಿದ್ದೆ. ಆ ಸದ್ದು ರಸ್ತೆ ದಾಟಿ ಎದುರುಮನೆಗೆ ಹೋಗಿದೆ. ಒಂದು ದಿನ ಮೇಷ್ಟ್ರು ಬಂದು, ತಮ್ಮ ಆಫೀಸಿನ ಟೈಪಿಸ್ಟು ಯಾವಾಗಲೂ ರಜದ ಮೇಲೇ ಇರುತ್ತಾನೆ, ನೀವು ಕಾನ್ವೆಂಟಿನಲ್ಲಿ ಓದಿದವರಂತೆ ಎಂದು ಶುರು ಮಾಡಿದರು. ಕಾನ್ವೆಂಟಿನ ಸಿಸ್ಟರುಗಳು ನನಗೆ ಚೆನ್ನಾಗಿ ಕಲಿಸಿದ್ದು ಎರಡು: ಸೆಮಿಕೋಲನ್ ಎಲ್ಲಿ ಇಡಬೇಕು ಎಂಬುದು, ಮತ್ತು ದೊಡ್ಡವರಿಗೆ ಎದುರು ಮಾತಾಡಬಾರದು ಎಂಬುದು. ಮೇಷ್ಟ್ರಿಗೆ ಎರಡೂ ಬೇಕಾಗಿತ್ತು.

ಅವರ ಇಂಗ್ಲಿಷ್ ವಾಕ್ಯ ಒಂದು ಸಲ ಹತ್ತಿಕೊಂಡರೆ ಇಳಿಯುವ ಸ್ಟಾಪು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ನಾನು ನಡುನಡುವೆ ಒಂದೊಂದು ಫುಲ್‌ಸ್ಟಾಪ್ ಇಡುತ್ತಿದ್ದೆ. ಅವರು ಅದನ್ನು ಗಮನಿಸಲಿಲ್ಲ, ಅಥವಾ ತಾವೇ ಇಟ್ಟದ್ದು ಎಂದುಕೊಂಡರು. ಕಾರ್ಬನ್ ಪೇಪರನ್ನು ಮಾತ್ರ ಅವರೇ ತಂದುಕೊಡುತ್ತಿದ್ದರು. ಬಳಸಿ ಬಳಸಿ ಬೂದಿ ಬಣ್ಣಕ್ಕೆ ತಿರುಗಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇನ್ನೂ ಇದೆ ಇದರಲ್ಲಿ" ಎಂದು ವಾಪಸು ಕೊಡುತ್ತಿದ್ದರು. ಅಕ್ಷರಗಳನ್ನು ಆ ಹಾಳೆಯಿಂದ ಕೆಳಗಿನ ಪ್ರತಿಗೆ ಇಳಿಸಬೇಕಾದರೆ ನಾನು ಮೆಣಸಿನಕಾಯಿ ಕುಟ್ಟುವ ಹಾಗೆ ಕೀಲಿಗಳನ್ನು ಕುಟ್ಟಬೇಕಾಗಿತ್ತು.

ಟೈಪ್ ಮಾಡಬೇಕಾದ್ದರಲ್ಲಿ ಮುಕ್ಕಾಲು ಪಾಲು ಕೋಷ್ಟಕಗಳು. ಅಡ್ಡಕ್ಕೆ ಇಪ್ಪತ್ತು ಮನೆ, ಉದ್ದಕ್ಕೆ ಇಪ್ಪತ್ತು ಮನೆ. ಇದೇನು ಸಾರ್ ಎಂದು ಒಂದು ಸಲ ಕೇಳಿದೆ. ಮೇಷ್ಟ್ರಿಗೆ ವಿವರಿಸುವುದೆಂದರೆ ಪ್ರಾಣ. ನಮ್ಮ ವೆರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಇಡ್ಲಿಯಿಂದ ಹಿಡಿದರು. ಹೋಟೆಲಿನವನು ನೂರು ಇಡ್ಲಿ ಜಾಸ್ತಿ ಮಾಡುತ್ತಾನೆ ಎನ್ನಿ. ಅವನಿಗೆ ಅಕ್ಕಿ ಬೇಕು, ಉದ್ದು ಬೇಕು. ಅಕ್ಕಿಯವನಿಗೆ ಲಾರಿ ಬೇಕು, ಲಾರಿಗೆ ಟೈರು ಬೇಕು, ಟೈರು ಮಾಡುವವನೂ ಇಡ್ಲಿ ತಿನ್ನುತ್ತಾನೆ. ಹೀಗೆ ಒಂದು ಕಡೆ ತಳ್ಳಿದರೆ ಎಲ್ಲ ಕಡೆಯೂ ಅಲುಗುತ್ತದೆ. ಕೊನೆಗೆ ಒಟ್ಟು ಎಷ್ಟು ಅಲುಗಿತು ಎಂದು ಕೂಡಿದರೆ, ಮೊದಲು ತಳ್ಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ಎಷ್ಟೋ ಪಾಲಿಗೆ ಗುಣಕ ಎಂದು ಹೆಸರು. ಆ ಗುಣಕವೇ ಅವರ ಹೊಟ್ಟೆಪಾಡು.

ನನಗೆ ಇದು ತುಂಬ ಚೆನ್ನಾಗಿದೆ ಅನ್ನಿಸಿತು. ಒಂದೇ ಸಣ್ಣ ಅನುಮಾನ. ಅಷ್ಟು ಅಕ್ಕಿ ಇಲ್ಲದಿದ್ದರೆ ಏನು ಮಾಡುವುದು ಎಂದೆ.

"ಇದೆ ಅಂತ ಇಟ್ಕೊಳ್ಳೀಮ್ಮ" ಎಂದರು ಮೇಷ್ಟ್ರು.

ಈ ಮಾತು ಅವರ ಬಾಯಲ್ಲಿ ಆಮೇಲೆ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಟೈರಿಗೆ ರಬ್ಬರು? ಇದೆ ಅಂತ ಇಟ್ಕೊಳ್ಳಿ. ಕೆಲಸ ಗೊತ್ತಿರುವ ಜನ? ಇದಾರೆ ಅಂತ ಇಟ್ಕೊಳ್ಳಿ. ಬೆಳಿಗ್ಗೆ ಎರಡು ಗೆರೆ ನೀರು ಅಳೆದುಕೊಟ್ಟು ಬಂದ ಮನುಷ್ಯ ಮಧ್ಯಾಹ್ನ ನಮ್ಮ ವೆರಾಂಡದಲ್ಲಿ ಕೂತು ಇಡೀ ರಾಜ್ಯದ ನೀರು, ಕಲ್ಲಿದ್ದಲು, ಕಬ್ಬಿಣ ಎಲ್ಲವನ್ನೂ ಬಗ್ಗಿಸಿ ಸುರಿಯುತ್ತಿದ್ದರು. ಮೀಟರೇ ಇಲ್ಲದ ಔದಾರ್ಯ. ಸರೋಜಮ್ಮನವರು ಇದನ್ನೆಲ್ಲ ಗೇಟಿನ ಹತ್ತಿರ ನಿಂತು ಕೇಳಿಸಿಕೊಂಡು ಒಂದು ಸಲ ನನಗೆ ಹೇಳಿದರು: "ನಾನು ಆ ಕೋಷ್ಟಕದಲ್ಲಿ ಒಂದು ಮನೆ ಬಾಡಿಗೆಗೆ ಹಿಡೀಬೇಕಾಗಿತ್ತು ಕಣೇ. ಅಲ್ಲಿ ಸ್ನಾನಕ್ಕಾದ್ರೂ ನೀರು ಸಿಗ್ತಿತ್ತು."

ಕೋಷ್ಟಕದ ಮನೆಗಳ ವಿಷಯ ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಊರಿನ ಅಂಗಡಿ, ಶೆಡ್ಡುಗಳಿಗೆ ಹೋಗಿ ಕೇಳಿ ಬರೆದುಕೊಂಡದ್ದೇನೂ ಅದರಲ್ಲಿರಲಿಲ್ಲ. ಹಾಗೆ ಕೇಳಿಸಲು ಸಂಸ್ಥೆಗೆ ಗ್ರಾಂಟು ಇರಲಿಲ್ಲವಂತೆ. ಇಡೀ ದೇಶಕ್ಕೆಂದು ಮಾಡಿದ್ದ ಹಳೆಯ ಅಂಕಿಗಳನ್ನೇ ತಂದು ನಮ್ಮ ಕ್ರಾಸಿಗೂ ತೊಡಿಸಿದ್ದರು. ಬೇರೆ ಸಂಸ್ಥೆಯ ಕಂಪ್ಯೂಟರಿನಲ್ಲಿ ವಾರಕ್ಕೆ ಒಂದು ಗಂಟೆ ಸಿಗುತ್ತಿತ್ತು. ಆ ಗಂಟೆಯಲ್ಲಿ ಹೆಚ್ಚು ಸಾಲು ಹಿಡಿಸುವುದಿಲ್ಲವೆಂದು ಸಣ್ಣಪುಟ್ಟ ಕಸುಬನ್ನೆಲ್ಲ ಒಂದೇ ಸಾಲಿಗೆ ತುಂಬಿದ್ದರು. ಆ ಸಾಲಿನ ಹೆಸರು "ಇತರೆ". ನಮ್ಮ ಹಿಟ್ಟಿನ ಮಿಲ್ಲು ಆ ಇತರೆಯಲ್ಲಿತ್ತು.

ಈಗ ಮಿಲ್ಲಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಕ್ರಾಸಿನ ಕೊನೆಯಲ್ಲಿ ಪುಟ್ಟತಾಯಮ್ಮ ಎಂಬಾಕೆಯ ಹಿಟ್ಟಿನ ಮಿಲ್ಲಿತ್ತು. ಗಂಡ ಹೋದ ಮೇಲೆ ಆಕೆಯೇ ನಡೆಸುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತು ಯಾವಾಗಲೂ ಆಗತಾನೆ ನಿದ್ದೆಯಿಂದ ಎದ್ದವಳ ಹಾಗೆ ಕಾಣುತ್ತಿದ್ದಳು. ಬೀಳುತ್ತಿರುವ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಕಲ್ಲನ್ನು ಒಂದು ನೂಲು ಬಿಗಿ ಮಾಡಿ, ಮುದ್ದೆಗೆ ಬೇರೆ, ರೊಟ್ಟಿಗೆ ಬೇರೆ, ಚಕ್ಕುಲಿಗೆ ಬೇರೆ ಎಂದು ಬೀಸಿಕೊಡುತ್ತಿದ್ದಳು. ಅಲ್ಲಿ ಡಬ್ಬಗಳ ಕ್ಯೂ ಇರುತ್ತಿತ್ತು, ಹೆಂಗಸರದ್ದಲ್ಲ. ಡಬ್ಬ ಇಟ್ಟು ಬಂದರೆ ಸಾಕು. ಯಾರ ಡಬ್ಬವೂ ಹಿಂದೆ ಮುಂದೆ ಆಗುತ್ತಿರಲಿಲ್ಲ. ಆ ಒಂದು ಮೋಟರಿನಿಂದ ಆಕೆಯೂ, ಹೈಸ್ಕೂಲಿಗೆ ಹೋಗುವ ಆಕೆಯ ಮಗಳೂ, ತೂಕ ಹಾಕುವ ಒಬ್ಬ ಮುದುಕನೂ ಊಟ ಮಾಡುತ್ತಿದ್ದರು.

ಆಗ ಚಂದ್ರಾ ಲೇಔಟಿನ ಅಂಚಿನಲ್ಲಿ ಒಂದು ದೊಡ್ಡ ಗಾರ್ಮೆಂಟ್ಸ್ ಯೂನಿಟ್ಟು ಬರುವುದಿತ್ತು. ಕರೆಂಟಿನ ಅಭಾವದ ಕಾಲ ಅದು. ನಮ್ಮ ಲೈನಿನಲ್ಲಿ ಇದ್ದಷ್ಟೇ ಕರೆಂಟು. ಯೂನಿಟ್ಟಿಗೆ ಹಗಲು ಪೂರ್ತಿ ಕೊಟ್ಟರೆ ಮಿಲ್ಲಿಗೂ, ಪಕ್ಕದ ಲೇತ್ ಶೆಡ್ಡಿಗೂ, ಐಸ್ ಕ್ಯಾಂಡಿಯವನಿಗೂ ಹಗಲಲ್ಲಿ ನಿಲ್ಲಿಸಬೇಕು. ಯಾರಿಗೆ ಕೊಡುವುದು ಎಂದು ತೀರ್ಮಾನಿಸಲು ಒಂದು ಕಮಿಟಿ. ಯೂನಿಟ್ಟಿನಿಂದ ಎಷ್ಟು ಜನಕ್ಕೆ ಕೆಲಸವಾಗುತ್ತದೆ ಎಂದು ಕಮಿಟಿಗೆ ಬರೆದುಕೊಡುವ ಕೆಲಸ ನಮ್ಮ ಮೇಷ್ಟ್ರದು.

ಪುಟ್ಟತಾಯಮ್ಮನಿಗೆ ಇದು ಹೇಗೋ ತಿಳಿಯಿತು. ಒಂದು ಬೆಳಿಗ್ಗೆ ಸೆರಗಿನಲ್ಲಿ ಮುಖದ ಹಿಟ್ಟು ಒರೆಸಿಕೊಂಡು ನಮ್ಮ ಮನೆಗೆ ಬಂದಳು. ಕೂರು ಎಂದರೆ ಹೊಸಿಲ ಮೇಲೇ ಕೂತಳು.

"ಅಕ್ಕ, ಮೇಷ್ಟ್ರು ಬರೆಯೋದು ನಿಮ್ಮ ಕೈಲೇ ಅಂತೆ. ಹಗಲು ಕರೆಂಟು ತೆಗೆದ್ರೆ ಮಿಲ್ಲು ಮುಚ್ಚಿದ ಹಾಗೇ. ಅವ್ರಿಗೆ ಕೊಡಬೇಡಿ ಅಂತ ನಾನು ಅನ್ನಲ್ಲ. ನಾನೂ ಒಬ್ಬಳು ಇದೀನಿ ಅಂತ ಒಂದು ಸಾಲು ಹಾಕ್ಸಿ, ಅಷ್ಟೆ."

ಹಾಕಿಸುತ್ತೇನೆ ಎಂದುಬಿಟ್ಟೆ. ಒಂದು ಸಾಲು ತಾನೇ ಎಂದುಕೊಂಡೆ.

ಆ ಭಾನುವಾರ ಮೇಷ್ಟ್ರು ಕರಡು ತಂದರು. ಯೂನಿಟ್ಟಿನಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೆ ಒಟ್ಟು ಮೂವರಿಗೆ ಸಿಕ್ಕಂತೆ ಎಂದು ಮೊದಲ ಪುಟದಲ್ಲೇ ಅಡಿಗೆರೆ ಹಾಕಿದ್ದರು. ನನಗೆ ಎದುರು ಮಾತಾಡಿ ಗೊತ್ತಿಲ್ಲ. ಕಾಫಿ ಕೊಡುತ್ತಾ, ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಉತ್ತರ ನಿಮಗೆ ಗೊತ್ತೇ ಇದೆ.

"ಸಾರ್, ನಮ್ಮ ಮನೇಲಿ ಇರೋದು ಒಂದೇ ಸ್ಟೌ" ಎಂದೆ. "ಇಡ್ಲಿ ಇಡಬೇಕಾದ್ರೆ ಸಾರು ಇಳಿಸ್ತೀನಿ. ಇಡ್ಲಿ ಎಷ್ಟಾಯ್ತು ಅಂತ ಮಾತ್ರ ಎಣಿಸಿದ್ರೆ, ಇಳಿಸಿದ ಸಾರನ್ನ ಎಲ್ಲಿ ಬರೆಯೋದು?"

ಮೇಷ್ಟ್ರು ಲೋಟ ಕೆಳಗಿಟ್ಟರು. ಕಿವಿಯಿಂದ ಪೆನ್ಸಿಲ್ ತೆಗೆದರು. ಜೇಬಿನಿಂದ ಒಂದು ಕವರು ತೆಗೆದು, ಬಿಡಿಸಿ, ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. ಅವರನ್ನು ಎಷ್ಟು ಆಡಿಕೊಂಡರೂ ಇದೊಂದನ್ನು ಹೇಳಲೇಬೇಕು: ಲೆಕ್ಕ ಹಾಕುವಾಗ ಅವರ ಮುಖ ಬಹಳ ಚೆನ್ನಾಗಿರುತ್ತಿತ್ತು. ಕಾಫಿ ಆರಿ ಕೆನೆ ಕಟ್ಟಿತು. ಕರೆಂಟು ಇಷ್ಟೇ, ಇದರ ಮೇಲೆ ಒಂದು ಚೂರೂ ಇಲ್ಲ ಎಂದು ಒಂದು ಗೆರೆ ಎಳೆದು, ಯೂನಿಟ್ಟು ತೆಗೆದುಕೊಂಡಷ್ಟನ್ನು ಮಿಲ್ಲು, ಲೇತು, ಐಸ್ ಕ್ಯಾಂಡಿಯಿಂದ ಕಳೆದು, ಅವರು ಯಾರಿಂದ ಏನು ಕೊಳ್ಳುತ್ತಿದ್ದರೋ ಅದನ್ನೂ ಕಳೆದು, ಕವರಿನ ನಾಲ್ಕೂ ಮೂಲೆ ತುಂಬಿಸಿದರು. ಕೊನೆಗೆ ತಲೆ ಎತ್ತಿದಾಗ ಮಗುವಿನಷ್ಟು ಖುಷಿಯಾಗಿದ್ದರು.

"ಎಷ್ಟು ಚೆನ್ನಾಗಿ ಬಂತು ನೋಡೀಮ್ಮ. ಮೂರು ಎಲ್ಲಿ, ಒಂದಕ್ಕೆ ಒಂದೂ ಬರ್ತಾ ಇಲ್ಲ."

ಹೇಳಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ಕವರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

"ಇದನ್ನ ಟೈಪ್ ಮಾಡೋದು ಬೇಡ."

ಯಾಕೆ ಸಾರ್ ಎಂದೆ.

"ಯೂನಿಟ್ಟಿನಿಂದ ಎಷ್ಟು ಕೆಲಸ ಹುಟ್ಟತ್ತೆ ಅಂತ ಕಮಿಟಿಯವರು ಕೇಳಿದಾರೆ. ಎಷ್ಟು ಹೋಗತ್ತೆ ಅಂತ ಕೇಳಿಲ್ಲ. ಕೇಳದೇ ಇದ್ದಿದ್ದಕ್ಕೆ ಉತ್ತರ ಬರೆದ್ರೆ ಮುಂದಿನ ಸಲ ಬೇರೆಯವರನ್ನ ಕೇಳ್ತಾರೆ."

ಪುಟ್ಟತಾಯಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ. ಒಂದು ಸಾಲಾದರೂ ಎಂದು ಗೊಣಗಿದೆ. ಮೇಷ್ಟ್ರು ಕೆಟ್ಟವರಲ್ಲ, ಯೋಚಿಸಿದರು. ಕೊನೆಯ ಪುಟದಲ್ಲಿ ಒಂದು ಅಡಿಟಿಪ್ಪಣಿ ಹಾಕೋಣ ಎಂದರು: ಈ ಅಂದಾಜು, ವಿದ್ಯುತ್ತು ಮೊದಲಾದವಕ್ಕೆ ಯಾವ ಮಿತಿಯೂ ಇಲ್ಲವೆಂಬ ಊಹೆಯ ಮೇಲೆ ನಿಂತಿದೆ, ಮಿತಿ ಇದ್ದಲ್ಲಿ ಸಣ್ಣ ಘಟಕಗಳಿಗೆ ನಷ್ಟವಾಗಿ ಗುಣಕ ಕಡಿಮೆಯಾಗಬಹುದು. ನನಗೆ ಸಂತೋಷವಾಯಿತು. ಎರಡು ದಿನ ಬಿಟ್ಟು, ವರದಿ ಪೂರ್ತಿ ಮುಗಿದು ಆ ಟಿಪ್ಪಣಿಯೊಂದೇ ಉಳಿದಿದ್ದಾಗ ಬಂದು ಮೆಷೀನಿನ ಪಕ್ಕ ನಿಂತರು.

"ಇದನ್ನ ಸಣ್ಣ ಅಕ್ಷರದಲ್ಲಿ ಹೊಡೆಯೋಕಾಗಲ್ವಾ?"

"ಮೆಷೀನಲ್ಲಿ ಒಂದೇ ಸೈಜು ಸಾರ್."

"ಹಾಗಾದ್ರೆ ಸ್ವಲ್ಪ ಮೆತ್ತಗೆ ಹೊಡೀರಿ."

ಮೆತ್ತಗೆ ಹೊಡೆದೆ. ಹೊಡೆಯುವಾಗಲೇ ಗೊತ್ತಿತ್ತು. ಆ ಬೂದಿ ಬಣ್ಣದ ಕಾರ್ಬನ್ನುಗಳಲ್ಲಿ, ಜೋರಾಗಿ ಕುಟ್ಟಿದರೇ ಮೂರನೆಯ ಪ್ರತಿಗೆ ಅಕ್ಷರ ಇಳಿಯುವುದು ಕಷ್ಟ. ಮೇಲಿನ ಚೊಕ್ಕಟ ಪ್ರತಿಯನ್ನು ಮೇಷ್ಟ್ರು ಯಾವಾಗಲೂ ತಮ್ಮ ಫೈಲಿಗೇ ಇಟ್ಟುಕೊಳ್ಳುತ್ತಿದ್ದರು. ಕಮಿಟಿಯವರಿಗೆ ಹೋಗುತ್ತಿದ್ದದ್ದು ಕಾರ್ಬನ್ ಪ್ರತಿಗಳು. ಹಾಳೆಗಳನ್ನು ಬಿಡಿಸಿ ನೋಡಿದೆ. ಮೇಲಿನದರಲ್ಲಿ ಟಿಪ್ಪಣಿ ಇತ್ತು. ಎರಡನೆಯದರಲ್ಲಿ, ಇದೆ ಎಂದು ಗೊತ್ತಿದ್ದವರಿಗೆ ಕಾಣುತ್ತಿತ್ತು. ಉಳಿದ ಪ್ರತಿಗಳಲ್ಲಿ ಪುಟದ ಅಡಿಭಾಗ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮತ್ತೆ ಹಾಳೆ ಏರಿಸಿ ಜೋರಾಗಿ ಹೊಡೆಯಬಹುದಿತ್ತು. ನಾಲ್ಕು ಗಂಟೆಯಾಗಿತ್ತು, ಮಕ್ಕಳು ಶಾಲೆಯಿಂದ ಬಂದರು.

ಪುಟ್ಟತಾಯಮ್ಮ ಆ ಸಂಜೆ ಕೇಳಿದಾಗ, ಹಾಕಿಸಿದ್ದೇನೆ ಎಂದೆ. ಸುಳ್ಳಲ್ಲ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಟ್ಟ ಮೇಲೆ ನನ್ನ ಬೆರಳುಗಳ ಮೇಲೆ ಹಿಟ್ಟಿತ್ತು.

ಕಮಿಟಿ ಎಲ್ಲ ಓದಿ ಯೂನಿಟ್ಟಿಗೆ ಹಗಲಿನ ಕರೆಂಟು ಕೊಟ್ಟಿತು. ನಮ್ಮ ಕ್ರಾಸಿನ ಮಿಲ್ಲಿಗೆ ಬೆಳಗಿನ ಜಾವ ಹೆಂಗಸರು ಕಣ್ಣು ಬಿಡುವ ಹೊತ್ತಿನ ಎರಡು ಗಂಟೆ ಉಳಿಯಿತು. ಆ ಹೊತ್ತಿಗೆ ನಲ್ಲಿ ನೀರು ಹಿಡಿಯುವುದೋ ಡಬ್ಬ ಹೊತ್ತುಕೊಂಡು ಮಿಲ್ಲಿಗೆ ಹೋಗುವುದೋ? ಕ್ಯೂನಲ್ಲಿ ಡಬ್ಬಗಳು ಕಡಿಮೆಯಾಗುತ್ತಾ ಬಂದವು. ಕೆಲವು ತಿಂಗಳು ಎಳೆದಾಡಿ ಪುಟ್ಟತಾಯಮ್ಮ ಮೋಟರನ್ನು ಯಾರಿಗೋ ಕೊಟ್ಟಳು. ತೂಕದ ಮುದುಕ ಊರಿಗೆ ಹೋದ. ಐಸ್ ಕ್ಯಾಂಡಿಯವನು ಏನಾದನೋ ತಿಳಿಯದು.

ಇದರ ಮೊದಲ ಪೆಟ್ಟು ತಿಂದ ದೊಡ್ಡ ಮನುಷ್ಯರು ಮೇಷ್ಟ್ರೇ. ಸರೋಜಮ್ಮನವರು ರಾಗಿ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು, ಬಸ್ಸು ಹತ್ತಿ ಬಸವೇಶ್ವರನಗರಕ್ಕೆ ಹೋಗಬೇಕಾಯಿತು. ಅಲ್ಲಿಯವನು ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸುತ್ತಿದ್ದ. ಮುದ್ದೆ ಗಂಟು ಗಂಟಾಗುತ್ತಿತ್ತು. ಮೇಷ್ಟ್ರು ಊಟಕ್ಕೆ ಕೂತು, ಏನಿದು, ಹಿಟ್ಟು ಮುಂಚಿನ ಹಾಗಿಲ್ಲ ಎಂದರಂತೆ. ಸರೋಜಮ್ಮನವರು ಸಾರು ಬಡಿಸುತ್ತಾ, "ನುಣ್ಣಗಿದೆ ಅಂತ ಇಟ್ಕೊಳ್ಳಿ" ಎಂದರಂತೆ. ಮಾರನೆಯ ದಿನ ನನಗೆ ಇದನ್ನು ಹೇಳುವಾಗ ನಗು ತಡೆಯಲಾರದೆ ಗೇಟು ಹಿಡಿದುಕೊಂಡರು. ಮದುವೆಯಾದಾಗಿನಿಂದ ಅವರು ಗಂಡನಿಗೆ ಆಡಿದ ಒಂದೇ ಒಂದು ಎದುರು ಮಾತು ಅದಿರಬೇಕು.

ಮರುವರ್ಷ ಮೇಷ್ಟ್ರಿಗೆ ಇನ್ನೊಂದು ಕೆಲಸ ಬಂತು. ಯೂನಿಟ್ಟು ಹೇಳಿದಷ್ಟು ಕೆಲಸ ಕೊಟ್ಟಿದೆಯೇ ಎಂದು ನೋಡಿ ಬರೆಯುವುದು. ಪ್ರಶ್ನೆಗಳ ನಮೂನೆಯೊಂದನ್ನು ಮಾಡಿದ್ದರು. ಹಿಂದಿನ ವಾರವೇ ನಾನು ಅದನ್ನು ನೂರಾರು ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿಕೊಟ್ಟಿದ್ದೆ. ಅಲ್ಲಿರುವವರೆಲ್ಲ ಹೆಂಗಸರು, ಗಂಡಸರ ಹತ್ತಿರ ಬಾಯಿ ಬಿಡುವುದಿಲ್ಲ, ನೀವು ಜೊತೆಗೆ ಬಂದು ಕೂತರೆ ಸಾಕು ಎಂದು ಮೇಷ್ಟ್ರು ನನ್ನನ್ನು ಕರೆದುಕೊಂಡು ಹೋದರು.

ಊಟದ ಬಿಡುವಿನಲ್ಲಿ ಯೂನಿಟ್ಟಿನ ಕಾಂಪೌಂಡಿನೊಳಗೆ ಎರಡು ಸ್ಟೂಲು ಹಾಕಿಕೊಟ್ಟರು. ಹೇರೋಹಳ್ಳಿ ಕಡೆಯಿಂದ ನಡೆದು ಬರುವ ಹುಡುಗಿಯರು ಟಿಫನ್ ಬಾಕ್ಸ್ ಮುಚ್ಚಿ ಒಬ್ಬೊಬ್ಬರಾಗಿ ಬಂದು ನಿಂತರು. ಮೇಷ್ಟ್ರು ಓದುವುದು, ಅವರು ಹೇಳುವುದು, ಮೇಷ್ಟ್ರು ಗುರುತು ಹಾಕುವುದು. ಈ ಕೆಲಸಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಮೂರು ಚೌಕ ಇತ್ತು. ಓದುತ್ತಿದ್ದರು. ಕೆಲಸವಿಲ್ಲದೆ ಇದ್ದರು. ಗೃಹಿಣಿ.

ಏಳನೆಯವಳೋ ಎಂಟನೆಯವಳೋ ಪುಟ್ಟತಾಯಮ್ಮ. ಅಲ್ಲಿ ನೋಡುವ ತನಕ ನನಗೆ ಗೊತ್ತಿರಲಿಲ್ಲ. ಹೊಲಿದ ಅಂಗಿಗಳ ಜೋತುಬಿದ್ದ ದಾರ ಕತ್ತರಿಸುವ ಕೆಲಸವಂತೆ. ಮುಖದ ಮೇಲೆ ಹಿಟ್ಟಿರಲಿಲ್ಲ. ಆಕೆಗೆ ಹುಬ್ಬು ಅಷ್ಟು ಕಪ್ಪಗಿದೆ ಎಂದು ಅವತ್ತೇ ನಾನು ನೋಡಿದ್ದು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ.

ಹೆಸರು ಎಂದರು ಮೇಷ್ಟ್ರು. ನಿಮಗೆ ಗೊತ್ತಲ್ಲ ಸಾರ್ ಎಂದಳು. ಬರೆದುಕೊಂಡರು. ವಯಸ್ಸು ಬರೆದುಕೊಂಡರು. ಮುಂದಿನ ಪ್ರಶ್ನೆಯನ್ನು ಓದಲಿಲ್ಲ. ಪೆನ್ಸಿಲ್ಲು ಮೂರು ಚೌಕಗಳ ಮೇಲೆ ಮೇಲಿನಿಂದ ಕೆಳಕ್ಕೆ ಹೋಯಿತು, ಮತ್ತೆ ಮೇಲಕ್ಕೆ ಬಂತು. ಕನ್ನಡಕ ತೆಗೆದು ಧೋತ್ರದ ಅಂಚಿನಲ್ಲಿ ಒರೆಸಿದರು. ಹಿಂದೆ ನಿಂತಿದ್ದ ಹುಡುಗಿಯರು ಗಂಟೆ ಹೊಡೆದುಬಿಡುತ್ತದೆ ಎಂದು ಪಿಸುಗುಟ್ಟಿದರು.

"ಮನೇಲಿದ್ದೆ ಅಂತ ಬರ್ಕೊಳ್ಳಿ ಸಾರ್" ಎಂದಳು ಪುಟ್ಟತಾಯಮ್ಮ. "ಬೇರೆ ಏನಾದ್ರೂ ಬರೆದ್ರೆ ನಿಮ್ಗೆ ತೊಂದ್ರೆ ಆಗತ್ತೇನೋ."

ವ್ಯಂಗ್ಯವಾಗಿ ಹೇಳಿದ್ದರೆ ಎಷ್ಟೋ ಮೇಲಿತ್ತು. ಆಕೆ ನಿಜವಾಗಿಯೂ ಅವರ ತೊಂದರೆಯನ್ನು ಯೋಚಿಸುತ್ತಿದ್ದಳು. ಮೇಷ್ಟ್ರು ಗೃಹಿಣಿ ಎಂಬುದರ ಎದುರಿಗೆ ಗುರುತು ಹಾಕಿದರು. ಹೊಸದಾಗಿ ಹುಟ್ಟಿದ ಕೆಲಸ, ಒಂದು.

ಆಕೆ ನನ್ನ ಕಡೆ ತಿರುಗಿ, "ರಾಗಿ ಈಗ ಎಲ್ಲಿ ಹಾಕ್ಸ್ತೀರಿ ಅಕ್ಕ?" ಎಂದಳು. ಬಸವೇಶ್ವರನಗರ ಎಂದೆ. "ಅವನು ಕಲ್ಲು ಕಾಯೋಕೆ ಬಿಟ್ಟುಬಿಡ್ತಾನೆ. ನಿಧಾನಕ್ಕೆ ಸುರಿ ಅನ್ನಿ. ನಾನು ಹೇಳ್ದೆ ಅನ್ನಿ" ಎಂದಳು. ಗಂಟೆ ಹೊಡೆಯಿತು. ಕತ್ತರಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಒಳಗೆ ಓಡಿದಳು.

ಚಂದ್ರಾ ಲೇಔಟಿನ ಖಾಲಿ ಸೈಟುಗಳ ನಡುವೆ ಇಬ್ಬರೂ ನಡೆದು ಬಂದೆವು. ನಮ್ಮ ಕ್ರಾಸು ಬಂತು. ಮಿಲ್ಲಿನ ಜಾಗದಲ್ಲಿ ಯಾರೋ ವೀಡಿಯೊ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದರು. ಮೇಷ್ಟ್ರು ತಮ್ಮ ಗೇಟಿನ ಅಗುಳಿಯ ಮೇಲೆ ಕೈಯಿಟ್ಟು ನಿಂತರು.

"ಕಾಲಂ ಇದ್ದಿದ್ರೆ ಬರೀಬಹುದಿತ್ತು" ಎಂದರು.

ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನನ್ನ ಬಾಯಿಗೆ ಎದುರು ಮಾತು ಬಂತು. "ಆ ನಮೂನೆ ಮಾಡಿದ್ದು ನೀವೇ ಅಲ್ವಾ ಸಾರ್?"

ಮೇಷ್ಟ್ರು ಸಿಟ್ಟಾಗಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ಬಹಳ ಮೆಲ್ಲಗೆ ಕೇಳಿದರು.

"ಟೈಪ್ ಮಾಡಿದ್ದು ಯಾರಮ್ಮ?"

ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟೆ. ಆಮೇಲೆ ಮೆಷೀನಿನ ಮುಚ್ಚಳ ತೆಗೆದು, ಮೇಷ್ಟ್ರು ಗುರುತು ಹಾಕಿ ಕೊಟ್ಟ ನಮೂನೆಗಳನ್ನು ಪಕ್ಕಕ್ಕಿಟ್ಟುಕೊಂಡು, ಗೃಹಿಣಿಯರ ಸಾಲಿನಲ್ಲಿ ಎಷ್ಟು ಎಂದು ಎಣಿಸಿ ಟೈಪ್ ಮಾಡಿದೆ. ಈ ಸಲ ಎಲ್ಲ ಪ್ರತಿಗಳಲ್ಲೂ ಚೆನ್ನಾಗಿ ಬಂತು.